ಗಂಟೆಗೆ ಬಿದ್ದ ಪೀಕದಾನಿ

ಹಳೆಯ ಹಿತ್ತಾಳೆ ಕರಗಿಸುವವನ ಮುಂದೆ ಮಂದಿ ಬರೀ ಪಾತ್ರೆ ಇಡುವುದಿಲ್ಲ. ಮನೆಯ ಜಗಳವನ್ನೂ ತಂದು ತಕ್ಕಡಿಗೆ ಹಾಕುತ್ತಾರೆ. ಕುಪವಾಡದ ಎರಕದ ಕಾರಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ನಾನು ಕಂಡದ್ದು ಇದು.

೧. ಅರ್ಧ ಹಂಡೆ

ಬೇಡಗದ ಕಡೆಯ ಅಣ್ಣತಮ್ಮಂದಿರಿಬ್ಬರು ಬೇರೆಯಾದರು. ಹೊಲ ಹಂಚಿದರು, ಎಮ್ಮೆ ಹಂಚಿದರು. ನೀರು ಕಾಯಿಸುವ ಹಂಡೆ ಮಾತ್ರ ಒಂದೇ. ಅದನ್ನೂ ನಡುವೆ ಕೊಯ್ಯಿಸಿದರು! ಅರ್ಧ ಹಂಡೆಯಲ್ಲಿ ನೀರು ನಿಲ್ಲಬೇಕಲ್ಲ? ಕರಗಿಸಿ ತಲಾ ಒಂದು ದೀಪ ಎರೆಸಲು ಬಂದರು. ತಮ್ಮ ನನ್ನನ್ನು ಬದಿಗೆ ಕರೆದ.

"ಕಾಕಾ, ಎರಡೂ ಕೂಡಿಸಿ ಕರಗಸಬ್ಯಾಡ್ರಿ."

"ಯಾಕೋ?"

"ಮತ್ತ ಒಂದಾಗಿಬಿಟ್ಟಾವ್ರಿ!"

೨. ಮಡಿ, ಮೈಲಿಗೆ

ನಮ್ಮೂರ ಗುಡಿಯ ಗಂಟೆ ಸೀಳು ಬಿಟ್ಟಿತು. ಬಾರಿಸಿದರೆ ತಗಡಿನ ಸಪ್ಪಳ. ಅದನ್ನೇ ಕರಗಿಸಿ ಹೊಸದಾಗಿ ಎರೆಯೋಣ ಎಂದೆ. ಕರಗುವಾಗ ಒಂದಿಷ್ಟು ಕಿಟ್ಟವಾಗಿ ಹೋಗುತ್ತದೆ. ಆ ಕೊರತೆ ತುಂಬಲು ಮನೆಮನೆಯ ಒಡಕು ಹಿತ್ತಾಳೆ ಕೇಳಿದೆವು. ಭೂತಾಯಿಯ ಹೊಟ್ಟೆ ಮತ್ತೆ ಅಗೆಯಬೇಕಿಲ್ಲ. ಆಕೆ ಒಮ್ಮೆ ಕೊಟ್ಟದ್ದು ಬೆಂಕಿಯಲ್ಲಿ ಎಷ್ಟು ಸಲವಾದರೂ ಹುಟ್ಟುತ್ತದೆ. ಅದನ್ನು ಮೂಲೆಯಲ್ಲಿ ಕಿಲುಬು ಹಿಡಿಸುವುದೇ ಪಾಪ ಎಂದು ನನ್ನ ನಂಬಿಕೆ.

ಕೊನೆಗೆ ನಮ್ಮ ಓಣಿಯ ಅಜ್ಜಿಯೊಬ್ಬಳು ಬಂದಳು. ಸೆರಗಿನಡಿ, ತೀರಿಹೋದ ಗಂಡ ಎಲೆಅಡಿಕೆ ಉಗುಳುತ್ತಿದ್ದ ಪೀಕದಾನಿ. ಆತನದೆಂದು ಉಳಿದದ್ದು ಅದೊಂದೇ.

"ಇದನ್ನೂ ಹಾಕ್ರಿ. ಇದ್ದಾಗ ಒಮ್ಮಿನೂ ಗುಡಿ ಪಾವಟಿಗಿ ಹತ್ತಲಿಲ್ಲ. ಈಗರೆ ಹೋಗಲಿ."

ಹಾಲಿನ ಸೊಸೈಟಿಯ ಚೇರಮನ್ನರೇ ಗುಡಿಯ ಹಿರಿಯರು. "ಉಗುಳೂ ಪಾತ್ರಿ ದೇವರ ಗಂಟಿಗೆ? ಆಗೂದಿಲ್ಲ!"

ಅಜ್ಜಿ ಜಗ್ಗಲಿಲ್ಲ. "ಚೇರಮನ್ರ, ಊರ ಹಾಲೆಲ್ಲ ಒಂದ ಕ್ಯಾನಿಗೆ ಸುರುವತೀರಿ. ಯಾರ ಎಮ್ಮಿ ಎಲ್ಲಿ ಬಾಯಿ ಹಾಕಿತ್ತು ಅಂತ ಕೇಳೀರೇನು?"

ಅವರು ನನ್ನ ಮುಖ ನೋಡಿದರು. "ಬೆಂಕಿಗಿಂತ ದೊಡ್ಡ ಮಡಿ ಯಾವುದ್ರಿ? ಹೊಲಸು ಮ್ಯಾಲೆ ತೇಲತದ, ತಗದು ಒಗೀತೀವಿ," ಎಂದೆ.

ಚೇರಮನ್ನರು ಪೀಕದಾನಿಯೊಳಗೆ ಇಣುಕಿ ನೋಡಿ ಅಂದರು: "ಹಾಕ್ರಿ. ಖರೆ, ಮೊದಲ ತಿಕ್ಕಿ ತೊಳೀರಿ!"

೩. ಮೊದಲ ನಾದ

ಗಂಟೆ ಏರಿಸಿದ ದಿನ ಊರೇ ಸಾಲಾಗಿ ಬಂದು ಬಾರಿಸಿತು. ನಾದ ಗುಡಿ ತುಂಬ ನಿಂತಿತು. ಅಜ್ಜಿ ಕಂಬಕ್ಕೊರಗಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಳಬ್ಯಾಡ್ರಿ ಆಯಿ," ಎಂದೆ. "ಕಡೀಕೂ ಗುಡಿಗೆ ಬಂದ್ರಲ್ಲ ನಿಮ್ಮ ಯಜಮಾನ್ರು."

"ಬಂದಾರ ಖರೆ. ಇಷ್ಟು ವರ್ಷ ನಾ ಒಬ್ಬಾಕಿನೇ ಅವರನ್ನ ಬೈದೆ. ಈಗ ನೋಡಪಾ, ಬಂದವರೆಲ್ಲ ಒಂದೊಂದು ಬಡದು ಹೋಗ್ತಾರ!"

ಎದ್ದು ಹೋಗಿ ತಾನೂ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಮತ್ತೆ ಕೈ ಎತ್ತಿದಾಗ ಚೇರಮನ್ನರು ಓಡಿ ಬಂದು ಗಂಟೆಯ ನಾಲಿಗೆ ಹಿಡಿದರು:

"ಸಾಕ್ರಿ ಆಯಿ, ಸಿಟ್ಟು ಬಿಡ್ರಿ! ಮತ್ತ ಸೀಳತದ!"