ಹೂಂ ಅಂದ್ರ ನಡಿಯೂದಿಲ್ಲ

ಬಿಟ್ಟ ನೌಕರಿಗೆ ತಿರುಗಿ ಹೋಗತೇನಿ ಅಂತ ನಮ್ಮ ಕಡೆ ಹೆಣ್ಣಮಗಳೊಬ್ಬಾಕಿ ಬಾಯಿಬಿಟ್ಟು ಅಂದು ನೋಡಬೇಕು. ಅವತ್ತಿನಿಂದ ನಗಿ ತಾನ ಅಕಿ ಮನಿ ಹುಡಿಕ್ಕೊಂಡು ಬರ್ತೈತಿ, ಹೋಗು ಅಂದ್ರೂ ಹೋಗೂದಿಲ್ಲ.

ನನ್ನ ನೌಕರಿ ವಿಮಾನ ನಿಲ್ದಾಣದ ಟವರಿನ್ಯಾಗ ಇತ್ತು. ಸುತ್ತ ಗಾಜು, ಕಿವಿಗೆ ಹೆಡ್‌ಫೋನು, ಮುಂದ ರಾಡಾರ್ ಪರದೆ. ಯಾವ ವಿಮಾನ ಇಳೀಬೇಕು, ಯಾವುದು ಏರಬೇಕು, ಯಾವುದು ಎಷ್ಟು ಎತ್ತರದಾಗ ಹಾರಬೇಕು ಅಂತ ಪೈಲಟ್‌ಗಳಿಗೆ ಹೇಳೂ ಸರ್ಕಾರಿ ಕೆಲಸ, ಕಂಟ್ರೋಲರ್ ಅಂತಾರ. ಹತ್ತು ವರ್ಷದ ಮ್ಯಾಲ ಮಾಡೇನಿ. ಅಷ್ಟರಾಗ ಹಾನಗಲ್ಲಿನ್ಯಾಗ ನಮ್ಮ ಮಾವಾರಿಗೆ ಲಕ್ವಾ ಹೊಡೀತು. ನಮ್ಮ ಮನಿಯವರು ಅಲ್ಲೇ ಸಾಲಿ ಮಾಸ್ತರು. "ಒಂದೆರಡು ವರ್ಷ ಅಷ್ಟ" ಅಂದ್ರು. ನೌಕರಿ ಬಿಟ್ಟು ಬಂದೆ. ಆ ಒಂದೆರಡು ವರ್ಷ ಹಿಗ್ಗಿ ಆರು ವರ್ಷ ಆತು.

ಈಗ ಇಲಾಖೆಯವರಿಗೆ ಮಂದಿ ಸಾಲವಲ್ರು. ಹಳೇ ಅನುಭವ ಇದ್ದವರು ಪರೀಕ್ಷೆ ಕೊಟ್ಟು ತಿರುಗಿ ಬರಬಹುದು ಅಂತ ಪೇಪರಿನ್ಯಾಗ ಹಾಕಿದ್ರು. ಮುಂದಿನ ವರ್ಷ ನನ್ನ ವಯಸ್ಸು ಮೀರ್ತೈತಿ. ಅಂದ್ರ ಇದೊಂದ ಸಲ. ಸಿಕ್ರ ಆ ಕುರ್ಚಿ, ಇಲ್ಲಂದ್ರ ಕಡೀತನಕ ರೊಟ್ಟಿ ಹಂಚು. ರೊಟ್ಟಿ ಮ್ಯಾಲ ನನಗೇನೂ ಸಿಟ್ಟಿಲ್ಲ. ಆದ್ರ ಮನಿ ಮ್ಯಾಲಿಂದ ವಿಮಾನ ಹಾದು ಹೋದ್ರ ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋಗತಿತ್ತು, ಅಷ್ಟು ಸಂಕಟ ಆಗತಿತ್ತು.

ನಮ್ಮ ಕೆಲಸದಾಗ ಒಂದು ಕಟ್ಟುನಿಟ್ಟಿನ ಪದ್ಧತಿ ಐತಿ, ಅದನ್ನ ಮೊದಲ ಹೇಳಿಬಿಡತೇನಿ. ನಾವು ಹೇಳಿದ್ದನ್ನ ಪೈಲಟ್ ಇದ್ದದ್ದು ಇದ್ದಂಗ ತಿರುಗಿ ಹೇಳಬೇಕು. ಬರೇ "ಹೂಂ" ಅಂದ್ರ ನಡಿಯೂದಿಲ್ಲ. ಒಂದು ಮಾತು ಬಿಟ್ರೂ ಮತ್ತೊಮ್ಮೆ ಹೇಳಸ್ತೇವಿ. ಸರಿಯಾಗಿ ಹೇಳಿದ್ರ, ಸರಿ ಐತಿ ಅಂತ ಇಂಗ್ಲೀಷಿನ್ಯಾಗ ಹೇಳೂದು. ನಾ ಇಂಗ್ಲೀಷಿನ್ಯಾಗ ಹೇಳಿ, ಮೈಕ್ ಬಂದ್ ಮಾಡಿ, ನನ್ನಷ್ಟಕ್ಕ ನಾನ "ಬರೋಬ್ಬರಿ" ಅಂತಿದ್ದೆ. ಹಂಗ ಅನ್ನದಿದ್ರ ಆ ವಿಮಾನ ಇಳಿದಂಗ ಅನಸ್ತಿರಲಿಲ್ಲ.

ಇಂಥಾಕಿ ಬಂದು ಬಿದ್ದದ್ದು ಎಲ್ಲಿ? ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಅನ್ನೂ ನಮ್ಮ ಸೀಮ್ಯಾಗ. ಇಲ್ಲಿ ಏನ್ ಹೇಳಿದ್ರೂ ಒಂದ ಉತ್ತರ: "ಹೂಂ, ಆತ್ ಬಿಡ್ರಿ." ಹಂಗಂದ್ರ ನೀವು ಹೇಳಿದ್ದು ಆಗೂದಿಲ್ಲ ಅಂತ ತಿಳಕೋಬೇಕು.

ಮಾವಾರ ಮೊದಲ ಮಾತು

ಬಂದ ಹೊಸದಾಗಿ ಒಂದಿನ ಮನಿಯವರಿಗೆ ಹೇಳಿದೆ, "ಸಂಜಿಗೆ ಬರೂವಾಗ ಮಾವಾರ ಗುಳಿಗಿ, ಎರಡು ಕಟ್ಟು ಮೆಂತೆಪಲ್ಲೆ, ಗಿರಣ್ಯಾಗ ಬೀಸಾಕ ಕೊಟ್ಟ ಹಿಟ್ಟು ತೊಗೊಂಡ್ ಬರ್ರಿ."

"ಹೂಂ" ಅಂದ್ರು. ಸಂಜಿಗೆ ಮೂರು ಕಲ್ಲಂಗಡಿ ಹಣ್ಣು ಹೊತ್ತುಕೊಂಡು ಬಂದ್ರು. ಭಾಳ ಸೋವಿ ಇದ್ವಂತ.

ಮರುದಿನ ಬಾಗಿಲಕ್ಕ ಅಡ್ಡ ನಿಂತೆ. "ತಿರುಗಿ ಹೇಳ್ರಿ."

"ಏನ ತಿರುಗಿ ಹೇಳೂದು?"

"ನಾ ಏನ್ ಹೇಳಿದೆ, ಅದನ್ನ."

ದಿನಾ ಹುಡುಗೂರ ಕಡೆ ಪಾಠ ಒಪ್ಪಿಸಿಕೊಳ್ಳೂ ಮಾಸ್ತರು, ಚೀಲಾ ಹೆಗಲಿಗೆ ಹಾಕ್ಕೊಂಡು ಹೊಚ್ಚಲದಾಗ ನಿಂತು ಮೆಂತೆಪಲ್ಲೆ ಒಪ್ಪಸಾಕತ್ರು. ಓಣಿ ಮಂದಿಗೆ ಮುಂಜಾನೆ ಒಂದು ಪುಕ್ಕಟೆ ಆಟ ಸಿಕ್ತು. ನನಗೇನು, ಗುಳಿಗಿ ಮನಿಗೆ ಬಂದ್ವು.

ಮಾವಾರಿಗೆ ಲಕ್ವಾದಾಗ ಮಾತ ನಿಂತಿತ್ತು. ಮಾತಾಡಸ್ಕೋತ ಇರ್ರಿ ಅಂತ ಡಾಕ್ಟರು ಹೇಳಿದ್ರು. ನೋಡಾಕ ಬಂದ ಬೀಗರು "ಹೆಂಗದೀರಿ?" ಅಂತ ಕೇಳಿ, "ಆರಾಮ ಅದಾರ ಬಿಡ್ರಿ" ಅಂತ ತಾವ ಉತ್ತರ ಕೊಟ್ಟು, ಚಾ ಕುಡದು ಹೋಗತಿದ್ರು. ನಾ ಹಂಗ ಬಿಡೂ ಪೈಕಿ ಅಲ್ಲ. "ಮಾವಾರ, ನೀರು ಅನ್ರಿ." "ನೀ... ರು." "ಬಿಸಿನೀರು ಕೊಡು ಅನ್ರಿ." ಅವರು ಅನ್ನೂತನಕ ನೀರು ಕೊಡತಿರಲಿಲ್ಲ. "ಜಡ್ಡಿನ ಮನಶಾನ ಕಡೆ ಮಗ್ಗಿ ಹೇಳಸ್ತಾಳ, ಎಂಥಾ ಸೊಸಿ ಸಿಕ್ಕಳಪ್ಪಾ" ಅಂತ ಅತ್ತಿಯವರು ಊರ ತುಂಬ ಹೇಳ್ಕೋತ ಅಡ್ಡಾಡಿದ್ರು.

ಭಾಳ ದಿನ ಹಿಂಗ ನಡೀತು. ಒಂದು ಮುಂಜಾನೆ ಪಡಸಾಲಿ ತುಂಬ ಬೀಗರು ಕುಂತಾಗ ಮಾವಾರು ತಾವಾಗಿ ಕೈ ಎತ್ತಿದ್ರು. ಲಕ್ವಾ ಹೊಡದ ಮ್ಯಾಲ ಮೊದಲ್ನೇ ಸಲ, ಯಾರೂ ಹೇಳಿಕೊಡದ, ಒಂದು ಪೂರ್ತಿ ಮಾತಾಡೋರಿದ್ರು. ಎಲ್ಲಾರೂ ಚಾ ಕಪ್ಪು ಕೆಳಗಿಟ್ರು. ಅತ್ತಿಯವರು ಸೆರಗಿನಿಂದ ಕಣ್ಣೊರಸ್ಕೊಂಡ್ರು.

ಮಾವಾರು ನನ್ನ ಕಡೆ ಬಟ್ಟ ಮಾಡಿ ಅಂದ್ರು, "ಈಕೀನ್ನ... ಲಗೂನ... ನೌಕರಿಗೆ ಕಳಸ್ರಿ."

ಯಲವಿಗಿ ಕಾಕಾನ ಪರೀಕ್ಷಾ

ನನ್ನ ತವರಮನಿ ಸವಣೂರು. ನಮ್ಮ ಕಾಕಾ ಅಲ್ಲೇ ಹತ್ರ ಯಲವಿಗಿಯೊಳಗ ಇರ್ತಾನ. ರೇಲ್ವೇದಾಗ ಇದ್ದು ರಿಟೈರ್ ಆಗ್ಯಾನ. ಈಗೂ ರೈಲು ಹಾದು ಹೋಗೂ ಸಪ್ಪಳ ಕೇಳಿದ್ರ ಗಡಿಯಾರ ನೋಡಿ, ತಡಾ ಆತು ಅಂತ ಬೈತಾನ. ನಾ ತಿರುಗಿ ನೌಕರಿಗೆ ಹೊಂಟೇನಿ ಅಂತ ಕೇಳಿ ಕರಿಸಿದ.

"ಅಲ್ಲಿ ಪರೀಕ್ಷಾ ಕೊಡೂದಕ್ಕ ಮೊದಲ ನನಗ ಕೊಡು. ಕುಂಡ್ರು. ಎರಡು ವಿಮಾನ ಒಮ್ಮೆಲೆ ಬಂದ್ವು. ಏನ್ ಮಾಡ್ತಿ?"

"ಒಂದನ್ನ ಇಳಸ್ತೇನಿ."

"ಶಾಣ್ಯಾಕಿ. ಇನ್ನೊಂದಕ್ಕ ಕೆಂಪು ಸಿಗ್ನಲ್ ಹಾಕಿ ಊರ ಹೊರಗ ನಿಲ್ಲಸ್ತಿ."

"ವಿಮಾನ ನಿಲ್ಲಸಾಕ ಬರೂದಿಲ್ಲ ಕಾಕಾ. ನಿಂತ್ರ ಬೀಳ್ತೈತಿ."

ಕಾಕಾನ ಮಾರಿ ಸಣ್ಣದಾತು. ನಿಲ್ಲಸಾಕ ಬಾರದ್ದು ಎಂಥಾ ಗಾಡಿ ಅಂತ ಅವನ ಹೊಟ್ಯಾಗ. "ಮತ್ತ?"

"ಜಾಗಾ ಖಾಲಿ ಆಗೂತನಕ ಮ್ಯಾಲ ಸುತ್ತಕೋತ ಇರ್ರಿ ಅಂತ ಹೇಳ್ತೇನಿ."

"ಅವರೇನಂತಾರ?"

"ಹೇಳಿದ್ದನ್ನ ತಿರುಗಿ ಹೇಳಿ, ಸುತ್ತತಾರ."

ಕಾಕಾ ಅಡಿಕಿ ಕತ್ತರಸೂ ಅಡಕೊತ್ತು ಕೆಳಗಿಟ್ಟ. "ಆಗತೈತಿ ಅನ್ನೂದಿಲ್ಲ, ಆಗೂದಿಲ್ಲ ಅನ್ನೂದಿಲ್ಲ, ಬಂದ ಮಂದೀನ್ನ ಸುತ್ತಾಡಸೂದು. ಇದಕ್ಕ ಅಷ್ಟು ದೂರ ಯಾಕ ಹೋಗ್ತಿ ಮಗಳ? ಇಲ್ಲೇ ಯಾವದರೆ ಸರ್ಕಾರಿ ಆಫೀಸಿನ್ಯಾಗ ಕುಂಡ್ರು. ಅಲ್ಲೂ ಇದ ಕೆಲಸ."

ಎಮ್ಮಿ ಡಾಕ್ಟರ ಸಹಿ

ಅರ್ಜಿ ಹಾಕಾಕ ಇಲಾಖೆಯ ಆಫೀಸಿಗೆ ಹೋದೆ. ಅಲ್ಲಿಯ ಗುಮಾಸ್ತ ನನ್ನ ಹಳೇ ಪರಿಚಯದಂವ. ನನ್ನ ಹಳೇ ಡ್ಯೂಟಿ ಪಾಳಿ ಸುದ್ದಾ ನೆನಪಿಟ್ಟಿದ್ದ, ಚಾ ತರಿಸಿದ. ಆಮ್ಯಾಲ "ನಿಮ್ಮ ಅನುಭವದ ಪ್ರಮಾಣಪತ್ರ ಬೇಕು" ಅಂದ.

"ನನ್ನ ಅನುಭವ ಎಲ್ಲಾ ಇದ ಇಲಾಖೆದಾಗ ಆಗೈತ್ರಿ. ನೀವ ಪಗಾರ ಹಾಕ್ತಿದ್ರಿ."

"ಅದು ನನಗೆ ಗೊತ್ತು ಮೇಡಂ. ಇಲಾಖೆಗೆ ಗೊತ್ತಿಲ್ಲ."

"ಪ್ರಮಾಣಪತ್ರ ಯಾರ ಕೊಡಬೇಕು?"

"ನಾನೇ."

"ಯಾರ ತೊಗೋಬೇಕು?"

"ನಾನೇ."

ಬರದು, ಸಿಕ್ಕಾ ಒತ್ತಿ ನನ್ನ ಕೈಯಾಗ ಕೊಟ್ಟ. ನಾ ಕುಂತಲ್ಲೇ ಅವನ ಕೈಯಾಗ ತಿರುಗಿ ಕೊಟ್ಟೆ. ಎಂದೂ ಕಾಣದ ಕಾಗದ ಕಂಡವರಂಗ ಕನ್ನಡಕ ಏರಿಸಿ ನೋಡಿದ. "ಇದು ನಿಜ ಅಂತ ಹೇಗೆ ನಂಬೋದು? ಗೆಜೆಟೆಡ್ ಅಧಿಕಾರಿ ಒಬ್ಬರ ಸಹಿ ಹಾಕಿಸಿಕೊಂಡು ಬನ್ನಿ."

ನನಗ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ಅಂದ್ರ ನಮ್ಮ ಅಕ್ಕನ ಗಂಡ, ಹಿರೇಕೆರೂರಿನ್ಯಾಗ ದನದ ಡಾಕ್ಟರು. ಹುಡಿಕ್ಕೊಂಡು ಹೋದ್ರ ಹತ್ರದ ಮಾಸೂರಿನ್ಯಾಗ ಯಾರದೋ ದನದ ಗ್ವಾದಲಿ ಹತ್ರ ಅಂಗಿ ಬಿಚ್ಚಿ, ಎಮ್ಮಿ ಹಿಂದ ನಿಂತಿದ್ರು. ಬಲಗೈ ಕಾಣವಲ್ತು.

"ಮಾಮಾರ, ಒಂದು ಸಹಿ ಬೇಕಿತ್ರಿ."

"ಜರಾ ತಡಿಯವಾ. ಒಳಗ ಕರಾ ಅಡ್ಡ ತಿರಗೈತಿ."

ಕರಾ ಹೊರಗ ಬಂತು. ಕೈ ತೊಳಕೊಂಡ್ರು. ನನ್ನ ಕಾಗದ ಹುಲ್ಲಿನ ಪೆಂಡಿ ಮ್ಯಾಲ ಇಟ್ಟು ಸಹಿ ಹಾಕಿದ್ರು. ಎಮ್ಮಿ ಮಾಲಕ ಬಗ್ಗಿ ನೋಡಿ, "ಏನ್ರಿ ಸಾಹೇಬ್ರ ಇದು?" ಅಂದ.

"ಈಕಿ ವಿಮಾನ ಇಳಸ್ತಾಳ ಅಂತ ನಾ ಬರದು ಕೊಡಾಕತ್ತೇನಿ."

ಹತ್ತು ವರ್ಷ ಆಕಾಶನ ನನ್ನ ಕೈಯಾಗ ಕೊಟ್ಟು ಕುಂತಿದ್ದ ಇಲಾಖೆಗೆ ನನ್ನ ಮ್ಯಾಲ ನಂಬಿಕಿ ಬಂದದ್ದು ಆ ಸಹಿ ನೋಡಿದ ಮ್ಯಾಲ. ಎಮ್ಮಿ ಮಾಲಕ ಮಾತ್ರ ಆಗಲೇ ನಂಬಿದ್ದ. "ಅದೂ ಇಳಸೂ ಕೆಲಸ, ಇದೂ ಇಳಸೂ ಕೆಲಸ, ಸಾಹೇಬ್ರಿಗೆ ಗೊತ್ತಾಗತೈತಿ ಬಿಡ್ರಿ" ಅಂದ.

ಬಸ್ ಸ್ಟ್ಯಾಂಡಿನ ತಾಲೀಮು

ಯಾವ ಊರ ಬಸ್ ಸ್ಟ್ಯಾಂಡು ಅಂತ ಹೇಳೂದಿಲ್ಲ. ನಾ ಇನ್ನೂ ಅದರಾಗ ಅಡ್ಡಾಡಬೇಕು.

ನಮ್ಮ ಕಡೆ ಕಂಟ್ರೋಲರ್ ಅಂದ್ರ ಬಸ್ ಸ್ಟ್ಯಾಂಡಿನ ಕಿಡಕಿ ಒಳಗ ಮೈಕ್ ಹಿಡಕೊಂಡು ಬಸ್ಸು ಬಿಡಸಾಂವ. ಆ ಕಂಟ್ರೋಲರ್ ನನ್ನೂ ತನ್ನ ಪೈಕಿ ಅಂತ ತಿಳದಿದ್ದ. ಕಂಡಾಗೆಲ್ಲಾ "ನಿಮ್ದು ಮ್ಯಾಲ, ನಮ್ದು ಕೆಳಗ, ಅಷ್ಟ ಫರಕ್ರಿ ಅಕ್ಕಾರ" ಅಂತಿದ್ದ. ಒಂದಿನ "ಚಾ ಕುಡದು ಬರ್ತೇನಿ, ಜರಾ ಮೈಕ್ ನೋಡ್ಕೋರಿ, ನಿಮಗೂ ಪರೀಕ್ಷಾಕ್ಕ ರೂಢಿ ಆಗತೈತಿ" ಅಂತ ಹೋಗೇಬಿಟ್ಟ.

ಆರು ವರ್ಷದ ಮ್ಯಾಲ ಕೈಯಾಗ ಮೈಕ್ ಬಂದಿತ್ತು. ಬಾಯಿ ಹತ್ರ ಹಿಡಕೊಂಡೆ. ಹಿರೇಕೆರೂರಿನ ಬೋರ್ಡ್ ಹಾಕಿದ್ದ ಬಸ್ಸು ಹೊಂಟು ನಿಂತಿತ್ತು.

"ಹಿರೇಕೆರೂರು ಬಸ್ಸಿನ ಡ್ರೈವರು, ನೀವಿನ್ನ ಹೊರಡಬಹುದು. ಎಲ್ಲಿಗೆ ಹೊಂಟೀರಿ ತಿರುಗಿ ಹೇಳ್ರಿ."

"ಹೂಂ, ಆತ್ ಬಿಡ್ರಿ" ಅಂತ ಡ್ರೈವರು ಗೇರ್ ಹಾಕಿದ.

"ಹೂಂ ನಡಿಯೂದಿಲ್ಲ. ಎಲ್ಲಿಗೆ ಅಂತ ಹೇಳಿ ಬಿಡ್ರಿ ಗಾಡಿ."

ಇಡೀ ಸ್ಟ್ಯಾಂಡ್ ನಮ್ಮ ಕಡೆ ನೋಡಾಕತ್ತು. ಡ್ರೈವರಿಗೆ ಸಿಟ್ಟು ಬಂತು. ಕಿಡಕ್ಯಾಗ ತಲಿ ಹಾಕಿ ಒದರಿದ, "ಶಿಗ್ಗಾವಿಗೆ ಹೊಂಟೇನ್ರೀ."

ಮುಂಜಾನಿ ಬೋರ್ಡು ಬದಲಿ ಮಾಡೂದ ಮರ್ತಿದ್ರು. ಗಂಟು, ಕೋಳಿ, ಕೂಸು ತೊಗೊಂಡು ಅರ್ಧ ಬಸ್ಸು ಕೆಳಗಿಳೀತು. ಕಂಟ್ರೋಲರ್ ಓಡಿ ಬಂದು ಮೈಕ್ ಕಸಗೊಂಡ.

"ಏನ್ ಮಾಡಿದ್ರಿ ಅಕ್ಕಾರ? ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಎಲ್ಲಾರೂ ಹೆಂಗರೆ ಮಾಡಿ ಎಲ್ಲಿಗರೆ ಹೋಗಿ ಮುಟ್ಟತಿದ್ರು."

ಕಡೀ ಪರೀಕ್ಷಾ

ಪರೀಕ್ಷೆಗೆ ಹೊಂಟಾಗ ಸವಣೂರಿನ ಅವ್ವ ಚಾ ಜೋಡಿ ತಿನ್ನೂ ಖಾರಾ ದೊಡ್ಡ ಪೊಟ್ಟಣ ಕಟ್ಟಿ ಕೊಟ್ಲು. "ಸಾಹೇಬರಿಗೆ ಕೊಡು" ಅಂದ್ಲು. "ಅದು ಲಂಚ ಆಗತೈತಿ ಯವ್ವಾ" ಅಂದೆ. "ಖಾರಾ ಎಂದಾದರೂ ಲಂಚ ಆಗತೈತೇನು, ಅದು ಬರೇ ಖಾರಾ" ಅಂದ್ಲು. ಮಾವಾರು ಬಾಗಿಲತನಕ ತಾವ ನಡಕೋತ ಬಂದು "ಪಾಸ್ ಆಗು" ಅಂದ್ರು. "ಹೂಂ" ಅಂದೆ. "ತಿರುಗಿ... ಹೇಳು" ಅಂದ್ರು. ಹೇಳಿ ಬಂದೆ.

ಪರೀಕ್ಷೆ ಕೋಣಿ ಒಳಗ ಕಾಲಿಟ್ಟು ನೋಡತೇನಿ, ನಡುವಿನ ಕುರ್ಚಿ ಮ್ಯಾಲ ಕುಂತಂವ ನಾನ ಕೆಲಸ ಕಲಿಸಿದ ಮೈಸೂರು ಕಡೆ ಹುಡುಗ. ಈಗ ಹುಡುಗ ಅಲ್ಲ, ಸಾಹೇಬ. ಹೊಟ್ಟಿ ಬಂದೈತಿ. ಮೊದಲ ಮೊದಲ ಅಂವ ಪೈಲಟ್ ಅರ್ಧ ಹೇಳಿದ್ರೂ ಬಿಟ್ಟುಬಿಡ್ತಿದ್ದ. ನಾ ಬೆನ್ನಿಗೆ ನಿಂತು ಎಷ್ಟು ಬೈದೇನಿ ಅಂದ್ರ, ಒಂದಿನ ಕಣ್ಣಾಗ ನೀರು ತಂದಿದ್ದ. ಈಗ ಅವನ ಮಾರಿ ನೋಡಿದ ಕೂಡಲೇ ನನ್ನ ಕುರ್ಚಿ ಹೋತು ಅಂತ ತಿಳಕೊಂಡೆ.

ಖೊಟ್ಟಿ ರಾಡಾರ್ ಮುಂದ ಕುಂಡ್ರಿಸಿದ್ರು. ಪಕ್ಕದ ಕೋಣ್ಯಾಗಿಂದ ಸಾಹೇಬ ತಾನ ಪೈಲಟ್ ಆಗಿ ಮಾತಾಡಿದ. ನಾ ಒಂದು ಎತ್ತರ ಹೇಳಿದ್ರ ಬೇಕಂತ ಇನ್ನೊಂದು ತಿರುಗಿ ಹೇಳಿದ. ಹಿಡದೆ. ಒಂದು ಮಾತು ನುಂಗಿದ. ಹಿಡದೆ. ಗಂಟಲಾಗ ಗುರುಗುಟ್ಟಿ "ಹೂಂ" ಅಂದಂಗ ಮಾಡಿದ. ಆರು ವರ್ಷ ಹಾನಗಲ್ಲಿನ್ಯಾಗ ಅದರ ಜೋಡಿನ ಗುದ್ದಾಡೇನಿ, ಅದನ್ನ ಬಿಟ್ಟೇನೇನು?

ಮುಗಿದ ಮ್ಯಾಲ ಒಳಗ ಕರದು ಕುಂಡ್ರಿಸಿದ್ರು. ಸಾಹೇಬ ಕಾಗದದಿಂದ ತಲಿ ಎತ್ತಲಿಲ್ಲ.

"ನೀವು ಪಾಸ್ ಆಗಿದ್ದೀರ ಮೇಡಂ. ಬರೋ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಹೊಸ ತರಬೇತಿಯವರ ಜೊತೆ, ನನ್ನ ಕೈಕೆಳಗೆ ಕೆಲಸಕ್ಕೆ ಹಾಜರಾಗಬೇಕು."

ನನಗ ಪಾಸ್ ಅನ್ನೂದೊಂದ ಕೇಳಿಸ್ತು. ಕಣ್ಣ ಮುಂದ ಆ ಗಾಜಿನ ಕೋಣಿ ಬಂತು, ಹಿಂದ ರೊಟ್ಟಿ ಹಂಚು ಸರೀತು. "ಹೂಂ" ಅಂದೆ.

"ಹೂಂ ಅಂದ್ರೆ ನಡೆಯಲ್ಲ ಮೇಡಂ. ತಿರುಗಿ ಹೇಳಿ."

ಬಾಜೂಕ ಕುಂತ ಇಬ್ಬರು ಅಧಿಕಾರಿಗಳು ನಗಿ ತಡಕೊಂಡು ಫ್ಯಾನ್ ನೋಡಾಕತ್ರು. ನಾ ನೆಟ್ಟಗ ಕುಂತು ಹೇಳಿದೆ. "ಬರೂ ಸೋಮವಾರ ಮುಂಜಾನೆ ಒಂಬತ್ತಕ್ಕ, ಹೊಸಾ ತರಬೇತಿಯವರ ಜೋಡಿ ಕೆಲಸಕ್ಕ ಹಾಜರಾಗಬೇಕು."

"ಒಂದು ಮಾತು ಬಿಟ್ಟಿರಿ."

ಬಿಟ್ಟದ್ದು ಯಾವುದು ಅಂತ ನನಗೂ ಗೊತ್ತಿತ್ತು, ಅವಗೂ ಗೊತ್ತಿತ್ತು. ನಾ ಅವನ್ನ ನೋಡಿದೆ. ಅಂವ ಪೆನ್ನು ಕೆಳಗಿಟ್ಟು, ಕೈ ಕಟಗೊಂಡು, ಥೇಟ್ ನಾ ಅವನ ಬೆನ್ನಿಗೆ ನಿಲ್ಲತಿದ್ನಲ್ಲ, ಹಂಗ ಕಾಯಾಕತ್ತಿದ್ದ. ಇಳೀಬೇಕಾದ ವಿಮಾನ ಹೇಳಲೇಬೇಕು.

"ನಿಮ್ಮ ಕೈಕೆಳಗ" ಅಂದೆ.

ಸಾಹೇಬ ತಲಿ ಬಗ್ಗಿಸಿ ಸಹಿ ಹಾಕಿದ. ಮೈಸೂರಿನಂವ, ನಮ್ಮ ಸೀಮಿ ಮಾತು ಎಲ್ಲಿ ಕಲತಿದ್ದ ಅಂತ ನಾ ಬ್ಯಾರೆ ಹೇಳಬೇಕಾಗಿಲ್ಲ. ಕಾಗದ ನನ್ನ ಕಡೆ ಸರಿಸಿ, ತನ್ನಷ್ಟಕ್ಕ ತಾನ ಅಂದ, "ಬರೋಬ್ಬರಿ."