ಕಾಕಾ ಅಳೆಯದೆ ಬಿಟ್ಟ ಎತ್ತರ

ಲಂಡನ್ನಿನ ಕನ್ನಡಿಗರಲ್ಲಿ ಅರ್ಧಕ್ಕರ್ಧ ಜನರ ಮುಖ ನಮ್ಮ ಕಾಕಾಗೆ ಗೊತ್ತಿಲ್ಲ. ಆದರೆ ಅವರ ಬೂಟಿನ ನಂಬರು ಗೊತ್ತು!

ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿರಾ? ಹೋದ ವರ್ಷ ರೇನರ್ಸ್ ಲೇನ್ ಸ್ಟೇಷನ್ನಿನ ಎದುರು ಒಬ್ಬರು ಕಾಕಾಗೆ ಕೈಮುಗಿದು, ಮನೆಮಂದಿಯ ಯೋಗಕ್ಷೇಮವೆಲ್ಲ ವಿಚಾರಿಸಿ ಹೋದರು. ಯಾರು ಅವರು ಎಂದು ನಾನು ಕೇಳಿದೆ. ಹೆಸರು ನೆನಪಿಲ್ಲವಂತೆ. ಒಂಬತ್ತನೇ ನಂಬರಂತೆ, ಎಡಗಾಲು ತುಸು ಅಗಲವಂತೆ, ಮಗಳು ಉಪಯೋಗವಿಲ್ಲವಂತೆ. ಆ ಮಗಳು ಕೇಂಬ್ರಿಡ್ಜಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ ಎಂಬುದು ಆಮೇಲೆ ಗೊತ್ತಾಯಿತು. ಉಪಯೋಗವಿಲ್ಲ ಎಂದರೆ ಐದಡಿ ಐದಂಗುಲ ಎಂದರ್ಥ.

ಕಾಕಾ ಎಂದರೆ ನಮ್ಮಪ್ಪನ ಕೊನೆಯ ತಮ್ಮ. ಊರು ಧಾರವಾಡ, ವಯಸ್ಸು ಅರವತ್ತು, ಎತ್ತರ ಐದಡಿ ಎರಡಂಗುಲ. ಕ್ವೀನ್ಸ್‌ಬರಿಯ ಹತ್ತಿರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನುಗಳನ್ನು ಕಾಯುವ ಕೆಲಸ. ಇಲ್ಲಿ ಮಕ್ಕಳು ಹದಿನಾರಕ್ಕೆ ಹೈಸ್ಕೂಲು ಮುಗಿಸಿ ಎರಡು ವರ್ಷ ಇಂಥ ಕಾಲೇಜಿಗೆ ಬರುತ್ತಾರೆ, ನಮ್ಮ ಪಿಯುಸಿ ಇದ್ದ ಹಾಗೆ. ನಾಲ್ಕು ವರ್ಷದ ಹಿಂದೆ ಅಲ್ಲಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿನ ಕೋಚಮ್ಮ ಬಂದು ಲ್ಯಾಬಿನ ಸ್ಟಾಪ್‌ವಾಚನ್ನು ಒಂದು ಸಂಜೆಯ ಮಟ್ಟಿಗೆ ಕೇಳಿದಳಂತೆ. ಲ್ಯಾಬಿನ ಸಾಮಾನು ಒಂಟಿಯಾಗಿ ಹೊರಗೆ ಹೋಗುವುದುಂಟೇ? ಕಾಕಾ ಸ್ಟಾಪ್‌ವಾಚಿನ ಜೊತೆ ತಾವೂ ಹೋದರು. ಹೋದವರು ವಾಪಸ್ಸು ಬರಲೇ ಇಲ್ಲ! ಈಗ ಹೈಸ್ಕೂಲು ಮುಗಿಸುವ ಉದ್ದನೆಯ ಹುಡುಗಿಯರನ್ನು ಹುಡುಕಿ ಟೀಮಿಗೆ ಸೇರಿಸುವ ಜವಾಬ್ದಾರಿ ಪೂರ್ತಿ ಅವರದೇ. ಸಂಬಳವಿಲ್ಲ, ಚಹಾ ಕೂಡ ಇಲ್ಲ. ಅಸಲಿಗೆ ಅವರು ಜನ್ಮದಲ್ಲಿ ಒಂದು ಚೆಂಡನ್ನೂ ಬುಟ್ಟಿಯೊಳಗೆ ಹಾಕಿದವರಲ್ಲ.

ಅವರ ಪ್ಯಾಂಟಿನ ಜೇಬಿನಲ್ಲಿ ದರ್ಜಿಯ ಹತ್ತಡಿ ಟೇಪು ಸದಾ ಇರುತ್ತದೆ. ಮೊಬೈಲು ಮರೆತಾರು, ಟೇಪು ಮರೆಯರು. ನನ್ನ ಗಂಡನನ್ನು ಅಳೆದರು, ನನ್ನ ಇಬ್ಬರು ಮಕ್ಕಳನ್ನು ವರ್ಷಕ್ಕೆರಡು ಸಲ ಅಳೆದು ನಿಟ್ಟುಸಿರು ಬಿಡುತ್ತಾರೆ. ಅವರು ಟೇಪು ಹಿಡಿಯದ ಕನ್ನಡತಿ ಇಡೀ ಲಂಡನ್ನಿನಲ್ಲಿ ನಾನೊಬ್ಬಳೇ. ನಮ್ಮ ವಂಶದಲ್ಲೇ ಎಲ್ಲರಿಗಿಂತ ಉದ್ದ ನಾನು! ಎಷ್ಟು ಎಂದು ಮಾತ್ರ ಹೇಳುವುದಿಲ್ಲ, ಯಾರಿಗೂ ಹೇಳಿಲ್ಲ. ನಲವತ್ಮೂರು ವರ್ಷದ ಹೆಂಗಸನ್ನು ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ, ಅದಕ್ಕೇ ಬಿಟ್ಟಿದ್ದಾರೆ ಎಂದು ಸುಮ್ಮನಿದ್ದೆ.

ಕಾಕಾ ಬೂಟಿನಿಂದ ಮನುಷ್ಯರನ್ನು ಹಿಡಿಯುವ ವಿದ್ಯೆ ಕಲಿತದ್ದು ನಮ್ಮ ಪೂಜೆಗಳಲ್ಲಿ. ಯಾರ ಮನೆಯಲ್ಲಿ ಕಾರ್ಯಕ್ರಮವಾದರೂ ಬಾಗಿಲ ಬಳಿ ಮೂವತ್ತು ನಲವತ್ತು ಜೊತೆ ಬೂಟು ಬಿದ್ದಿರುತ್ತವೆ. ನಾವೆಲ್ಲ ಒಳಗೆ ಹೋಗಿ ದೇವರಿಗೆ ಕೈಮುಗಿಯುತ್ತೇವೆ, ಕಾಕಾ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಮಗುಚಿ ನೋಡುತ್ತಾರೆ. ಹಿಮ್ಮಡಿ ಸವೆದಿದ್ದರೆ ಸೋಮಾರಿ. ಮುಂಗಾಲು ಸವೆದಿದ್ದರೆ ಜಿಗಿಯುವವರು. ಒಮ್ಮೆ ಪಿನ್ನರ್‌ನಲ್ಲಿ ಸತ್ಯನಾರಾಯಣ ಪೂಜೆಗೆ ಹೋದಾಗ ಹನ್ನೆರಡನೇ ನಂಬರಿನ ಕ್ರೀಡಾ ಬೂಟು ಸಿಕ್ಕಿತು. ಮುಂಗಾಲು ಸವೆದಿತ್ತು ಬೇರೆ! ಒಡೆಯರು ಕೈತಪ್ಪಿ ಹೋಗಬಾರದೆಂದು ಕಾಕಾ ಮೆಟ್ಟಿಲ ಮೇಲೆ ಕಾವಲು ಕೂತರು. ಐದೂ ಅಧ್ಯಾಯ ಮುಗಿದವು, ಮಂಗಳಾರತಿ ಆಯಿತು, ಊಟದ ಪಂಕ್ತಿ ಎದ್ದಿತು, ಇವರು ಏಳಲಿಲ್ಲ. ಕಡೆಗೆ ಆ ಬೂಟಿಗೆ ಕಾಲು ತೂರಿಸಿದವರು ಸ್ವತಃ ಪುರೋಹಿತರು! ಕಾಕಾ ಕಂಗೆಡಲಿಲ್ಲ. ಗುರುಗಳಿಗೆ ಹೆಣ್ಣುಮಕ್ಕಳಿದ್ದಾರೆಯೇ, ಇದ್ದರೆ ಎಷ್ಟು ಉದ್ದ ಎಂದು ವಿಚಾರಿಸಿದರು. ಮಗಳಿಗೆ ಮದುವೆಯಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ಮಕ್ಕಳಿವೆ ಎಂದರು. ಆ ಮಕ್ಕಳ ವಯಸ್ಸನ್ನು ಕಾಕಾ ಬರೆದಿಟ್ಟುಕೊಂಡರು.

ಇನ್ನು ಕ್ವೀನ್ಸ್‌ಬರಿಯ ದಿನಸಿ ಅಂಗಡಿಯ ಕಥೆ. ಮಾಲೀಕರನ್ನು ಪುಸಲಾಯಿಸಿ, ಹಪ್ಪಳದ ಪ್ಯಾಕೆಟ್ಟುಗಳನ್ನೆಲ್ಲ ಕೈಗೆಟುಕದ ಮೇಲಿನ ಹಲಗೆಗೆ ಏರಿಸಿಬಿಟ್ಟರು. ಸ್ಟೂಲಿಲ್ಲದೆ ಹಪ್ಪಳ ಯಾರು ತೆಗೆಯುತ್ತಾರೋ ಅವರು ಕಾಕಾನ ಹುಡುಗಿ. ಈ ಉಪಾಯದಿಂದ ಟೀಮಿಗೆ ಇಬ್ಬರು ಸಿಕ್ಕಿದ್ದಂತೂ ನಿಜ. ಅಂಗಡಿಯಲ್ಲಿ ಹಪ್ಪಳದ ವ್ಯಾಪಾರ ಬಿದ್ದುಹೋದದ್ದೂ ಅಷ್ಟೇ ನಿಜ.

ಒಂದು ವಿಷಯದಲ್ಲಿ ಮಾತ್ರ ಕಾಕಾ ಬಹಳ ಕಟ್ಟುನಿಟ್ಟು. ನೇರವಾಗಿ ಹುಡುಗಿಯನ್ನು ಮಾತನಾಡಿಸುವುದಿಲ್ಲ. ಮೊದಲು ಮನೆಗೆ ಹೋಗಬೇಕು, ತಂದೆತಾಯಿಯ ಹತ್ತಿರ ಕೇಳಬೇಕು, ಜೊತೆಗೆ ಮನೆಯ ಹೆಣ್ಣುಮಗಳೊಬ್ಬಳು ಇರಬೇಕು, ಕೈಯಲ್ಲಿ ಪೇಢೆ ಹಣ್ಣು ಇರಬೇಕು. ಆ ಹೆಣ್ಣುಮಗಳು ನಾನು. ಡ್ರೈವರೂ ನಾನೇ.

ಈ ವರ್ಷ ಆಗಸ್ಟಿನಲ್ಲಿ ಕಾಕಾ ನಿಜಕ್ಕೂ ಕಷ್ಟಕ್ಕೆ ಸಿಕ್ಕಿಕೊಂಡರು. ತಿಂಗಳ ಕಡೆಯ ಶುಕ್ರವಾರದೊಳಗೆ ಎಂಟು ಹೆಸರು ಕೊಡದಿದ್ದರೆ ಹುಡುಗಿಯರ ಟೀಮನ್ನು ಮುಚ್ಚಿ ಜಿಮ್ಮನ್ನು ಬೇರೆಯವರಿಗೆ ಬಿಡುತ್ತೇವೆ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಕಾಕಾ ಹತ್ತಿರ ಇದ್ದದ್ದು ಏಳು. ಒಂದೇ ಒಂದು ಹುಡುಗಿ ಬೇಕು. ಊಟ ಸೇರದು, ಮಾತಿಲ್ಲ. ದಾರಿಯಲ್ಲಿ ಲ್ಯಾಂಪ್ ಪೋಸ್ಟ್ ಕಂಡರೂ ಕತ್ತೆತ್ತಿ ಆಸೆಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಬಂತು, ಕಾಕಾಗೆ ವರವೂ ಬಂತು. ಅರಿಶಿನ ಕುಂಕುಮಕ್ಕೆ ಬಂದವರ ಚಪ್ಪಲಿಗಳ ನಡುವೆ ಹತ್ತನೇ ನಂಬರಿನ ಕಪ್ಪು ಬೂಟು! ಹೆಣ್ಣುಮಕ್ಕಳದೇ, ಮುಂಗಾಲು ಸವೆದದ್ದೇ. ಅವರು ಟೇಪು ತೆಗೆಯುವುದರೊಳಗೆ ನಾನು ಬಾಳೆ ಎಲೆ ಕೊಯ್ಯಲು ಒಳಗೆ ಕರೆದೆ. ಹೊರಗೆ ಬಂದು ನೋಡಿದರೆ ಬೂಟು ಮಾಯ. ಅಂದು ಕಾಕಾ ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ವಿಚಾರಿಸಿದಾಗ, ರೇನರ್ಸ್ ಲೇನಿನಲ್ಲಿರುವ ಒಂದು ಮೈಸೂರು ಕಡೆಯ ಸಂಸಾರದ ಹುಡುಗಿ, ಹದಿನಾರು ವರ್ಷ, ಈಗಷ್ಟೇ ಹೈಸ್ಕೂಲು ಮುಗಿದಿದೆ ಎಂದು ತಿಳಿಯಿತು.

ನಾನು ಆ ಮನೆಯಾಕೆಗೆ ಫೋನ್ ಮಾಡಿದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ನಿಮ್ಮ ಮಗಳ ವಿಷಯ ಮಾತನಾಡಲು ನಮ್ಮ ಕಾಕಾ ಮನೆಗೆ ಬರಬೇಕೆಂದಿದ್ದಾರೆ ಎಂದೆ. ಆಕೆ ಯಾವ ಮಗಳು ಎಂದು ಕೇಳಲಿಲ್ಲ. ಭಾನುವಾರ ದಿನ ಚೆನ್ನಾಗಿದೆ ಎಂದರು. ನೀವು ಈರುಳ್ಳಿ ತಿನ್ನುತ್ತೀರಾ ಎಂದು ಕೇಳಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು!

ಭಾನುವಾರ ಬಾಗಿಲು ತೆರೆದಾಗ ರಂಗೋಲಿ ಕಂಡಿತು, ಒಳಗೆ ತುಪ್ಪದ ಘಮ. ಮನೆಯ ಯಜಮಾನರು ಇಸ್ತ್ರಿ ಮಾಡಿದ ಜುಬ್ಬಾದಲ್ಲಿದ್ದರು. ಕಾಕಾ ಪೇಢೆಯ ಡಬ್ಬಿ, ಹಣ್ಣು ಕೊಟ್ಟು ಕೂತರು. ಹುಡುಗಿಯ ಹುಟ್ಟಿದ ತಾರೀಕು ಕೇಳಿದರು. ಆಮೇಲೆ ಸೋದರಮಾವ ಎಷ್ಟು ಉದ್ದ ಎಂದರು, ಮಕ್ಕಳ ಎತ್ತರ ಸೋದರಮಾವನಿಂದ ಬರುತ್ತದೆ ಎಂಬುದು ಅವರ ಬಲವಾದ ನಂಬಿಕೆ. ಯಜಮಾನರು ಎಲ್ಲಕ್ಕೂ ವಿನಯದಿಂದ ಉತ್ತರಿಸಿದರು, ತಾರೀಕನ್ನು ಗಳಿಗೆಯ ಸಮೇತ ಹೇಳಿದರು, ಇಸವಿಯೊಂದನ್ನು ಬಿಟ್ಟು. ಅಷ್ಟರಲ್ಲಿ ಒಳಗಿನಿಂದ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಇಪ್ಪತ್ತೆಂಟರ ಆಸುಪಾಸು, ಮುದ್ದಾದ ಮುಖ, ಹೆಚ್ಚೆಂದರೆ ಐದಡಿ. ನನಗೆ ಆಗ ಹೊಳೆಯಿತು. ಈ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಇವಳು ದೊಡ್ಡವಳು, ಇದು ಹೆಣ್ಣು ತೋರಿಸುವ ಶಾಸ್ತ್ರ! ನಾನು ಬಾಯಿ ತೆರೆಯುವ ಮೊದಲೇ ಕಾಕಾ ತೆರೆದರು.

"ಇವ್ರು ನಮಗ ಗಿಡ್ಡ ಆಗ್ತಾರ್ರಿ. ಇವ್ರಕಿಂತ ಉದ್ದನಾಕಿ ಇನ್ನೊಬ್ಬಾಕಿ ಇದ್ದಾಳಲ್ರಿ, ಆಕೀನ್ನ ಕರೀರಿ."

ಯಜಮಾನರು ಐದಡಿ ಎರಡಂಗುಲದ ಕಾಕಾರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲು ನಕ್ಕವಳು ಆ ದೊಡ್ಡ ಹುಡುಗಿಯೇ. ತಟ್ಟೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಬೆವರುತ್ತ, ಬ್ಯಾಸ್ಕೆಟ್‌ಬಾಲ್, ಕಾಲೇಜು, ಶುಕ್ರವಾರ ಎಂದೆಲ್ಲ ಬಿಡಿಸಿ ಹೇಳಿದೆ. ತಾಯಿ ಕೇಸರಿಬಾತಿನ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದರು. ಪಾಪ, ಬೆಳಿಗ್ಗೆಯಿಂದ ಎಷ್ಟು ಆಸೆ ಇಟ್ಟುಕೊಂಡು ಗೋಡಂಬಿ ಹುರಿದಿದ್ದರೋ!

ನಗು ಕೇಳಿ ಚಿಕ್ಕವಳು ಮಹಡಿಯಿಂದ ಇಳಿದು ಬಂದಳು. ಉದ್ದನೆಯ ಹುಡುಗಿ. ಭುಜ ಮುಂದಕ್ಕೆ ಬಾಗಿಸಿ, ಕತ್ತು ಒಳಗೆ ಎಳೆದುಕೊಂಡು, ಇದ್ದ ಎತ್ತರದಲ್ಲಿ ನಾಲ್ಕು ಅಂಗುಲ ಬಚ್ಚಿಟ್ಟು ನಿಂತಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು, ನಾನು ಹಾಗೆಯೇ ನಿಲ್ಲುತ್ತೇನೆ. ಆಡುತ್ತೀಯಾ ಎಂದು ಕಾಕಾ ಕೇಳಿದ್ದಕ್ಕೆ ಅವಳು ಅಪ್ಪನ ಮುಖ ನೋಡಿದಳು.

ಯಜಮಾನರು ಕೆಟ್ಟವರಲ್ಲ. ಬೇಸರದ ದನಿಯಲ್ಲೇ ಹೇಳಿದರು: "ಬೇಡ ಸಾರ್. ಈಗ್ಲೇ ಇಷ್ಟು ಉದ್ದ ಬೆಳೆದಿದಾಳೆ. ಆಟ ಅಂತ ಎಗರಾಡಿದ್ರೆ ಇನ್ನೂ ಬೆಳೀತಾಳೆ. ನಾಳೆ ಇವಳಿಗೆ ಗಂಡು ಎಲ್ಲಿಂದ ತರೋದು?"

ನಾನು ಬಾಗಿಲ ಕಡೆ ನೋಡಿದೆ. ಇದೇ ಮಾತನ್ನು ಧಾರವಾಡದಲ್ಲಿ ನಾನು ಇಪ್ಪತ್ತೇಳು ವರ್ಷದ ಹಿಂದೆ ಕೇಳಿದ್ದೆ. ಆಗ ನಾನು ಹತ್ತನೇ ಕ್ಲಾಸು. ಶಾಲೆಯ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಆಡುತ್ತಿದ್ದೆ. ಒಂದು ಕಾಲೇಜಿನ ಕೋಚು ನಮ್ಮ ಮನೆಗೆ ಎರಡು ಸಲ ಬಂದು, ಹುಡುಗಿಯನ್ನು ನಮ್ಮ ಟೀಮಿಗೆ ಕಳಿಸಿ ಎಂದು ಕೇಳಿದ್ದರು. ಬೇಡ ಎಂದು ಅಪ್ಪ ತೀರ್ಮಾನಿಸಿದರು ಎಂದು ಅಮ್ಮ ಹೇಳಿದ್ದಳು. ಗಂಡೇನೋ ಸಿಕ್ಕ, ನನ್ನ ಭುಜಕ್ಕೆ ಬರುತ್ತಾನೆ, ಸುಖವಾಗಿದ್ದಾನೆ. ಆದರೆ ಅಪ್ಪ ತೀರಿಹೋದ ಮೇಲೂ ಈ ಒಂದು ವಿಷಯಕ್ಕೆ ನನಗೆ ಅವರ ಮೇಲೆ ಸಿಟ್ಟಿತ್ತು.

ತಂದೆತಾಯಿಯರನ್ನು ಒಪ್ಪಿಸಲು ಕಾಕಾ ಹತ್ತಿರ ಒಂದು ಉದ್ದನೆಯ ಭಾಷಣವಿದೆ, ನನಗೆ ಬಾಯಿಪಾಠವಾಗಿದೆ. ಅವತ್ತು ಅದು ಹೊರಡಲಿಲ್ಲ. ಅವರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಈ ಮಾತು ಹಿಂದ ನಾನೂ ಅಂದೀನ್ರಿ," ಎಂದರು. "ಇಕಿ ನಮ್ಮಣ್ಣನ ಮಗಳು. ಆಡ್ಲಿ ಬಿಡು ಅಂತ ಅಂದಿದ್ದ ನಮ್ಮಣ್ಣ. ಬ್ಯಾಡ, ವರ ಸಿಗೂದಿಲ್ಲ ಅಂತ ಅವನ ತಲಿ ತಿಂದಾಂವ ನಾನು. ಸ್ಕೂಟರ್ ಮ್ಯಾಲೆ ಹೋಗಿ ಆ ಕೋಚಿಗೆ ಇಲ್ಲಂತ ಹೇಳಿ ಬಂದಾಂವನೂ ನಾನ. ಅವತ್ತಿಂದ ಇಕಿ ಬಗ್ಗೇ ನಿಂದರ್ತಾಳ್ರಿ."

ಅಪ್ಪನ ಮೇಲೆ ಇಪ್ಪತ್ತೇಳು ವರ್ಷ ಹೊತ್ತ ಸಿಟ್ಟನ್ನು ಈಗ ಎಲ್ಲಿ ಇಳಿಸಲಿ? ಎದುರಿಗೇ ಕೂತಿರುವ ಈ ಪುಟ್ಟ ಮುದುಕನ ಮೇಲೆಯೇ? ಚಿಕ್ಕವಳು ನನ್ನನ್ನೇ ನೋಡುತ್ತಿದ್ದಳು. ಆಂಟಿ ಚೆನ್ನಾಗಿ ಆಡುತ್ತಿದ್ದರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಕಾಕಾರನ್ನು.

"ಗೊತ್ತಿಲ್ಲವ್ವಾ," ಎಂದರು ಕಾಕಾ. "ನಾ ಒಮ್ಮೆನೂ ನೋಡ್ಲಿಕ್ಕೆ ಹೋಗ್ಲಿಲ್ಲ."

ದೊಡ್ಡ ಹುಡುಗಿ ಈಗ ನಗುತ್ತಿರಲಿಲ್ಲ. ಸೀರೆಯಲ್ಲೇ ಎದ್ದು ಹೋಗಿ ತಂಗಿಯ ಪಕ್ಕ ನಿಂತು, ಅವಳ ಬೆನ್ನ ಮೇಲೆ ಕೈಯಿಟ್ಟಳು. ಅವಳ ತಲೆ ತಂಗಿಯ ಭುಜಕ್ಕೆ ಬರುತ್ತಿತ್ತು. ಐದಡಿ ಇರುವ ನನಗೇ ಇನ್ನೂ ಗಂಡು ಸಿಕ್ಕಿಲ್ಲವಲ್ಲ ಅಪ್ಪ ಎಂದಳು. ಯಜಮಾನರು ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿದರು. ಒರೆಸಿ ಒರೆಸಿ, ಪ್ರಾಕ್ಟೀಸು ಯಾವತ್ತು ಎಂದು ಕೇಳಿದರು. ಮಾರ್ಕ್ಸು ಕಮ್ಮಿಯಾದರೆ ಅವತ್ತಿಗೇ ನಿಲ್ಲಿಸುತ್ತೇನೆ ಎಂದೂ ಸೇರಿಸಿದರು. ತಾಯಿ ಒಳಗಿನಿಂದ ಕೇಸರಿಬಾತಿನ ಪಾತ್ರೆಯನ್ನು ಮತ್ತೆ ತಂದರು.

ಹೊರಡುವಾಗ ಬಾಗಿಲಲ್ಲಿ ಆ ಕಪ್ಪು ಬೂಟಿನ ಪಕ್ಕದಲ್ಲಿ ನನ್ನ ಬೂಟೂ ಇತ್ತು. ಎರಡೂ ಒಂದೇ ನಂಬರು. ಕಾಕಾ ಎರಡನ್ನೂ ನೋಡಿದರು. ಬೀದಿಗೆ ಬಂದು ಕಾರಿನ ಬೀಗ ತೆಗೆಯುವಾಗ ಅವರು ನನ್ನ ತೋಳು ಹಿಡಿದರು. ಎಂಟನೇ ಹೆಸರು ಸಿಕ್ಕ ಸಂತೋಷವಿರಬೇಕಾದ ಮುಖದಲ್ಲಿ ಬೇರೇನೋ ಇತ್ತು. ಜೇಬಿನಿಂದ ಟೇಪು ತೆಗೆದರು.

"ನೆಟ್ಟಗ ನಿಂದ್ರು," ಎಂದರು.

ಸಿಟ್ಟು ಹೋಗಿರಲಿಲ್ಲ. ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೂ ನಾನು ಟೇಪಿನ ಕೆಳತುದಿಯನ್ನು ಬೂಟಿನಿಂದ ಅದುಮಿ ಹಿಡಿದೆ. ಅವರ ಕೈ ನನ್ನ ನೆತ್ತಿಗೆ ನಿಲುಕಲಿಲ್ಲ. ಅರವತ್ತರ ಮನುಷ್ಯ ಆ ಮನೆಯ ಗಿಡ್ಡ ಕಾಂಪೌಂಡ್ ಗೋಡೆಯ ಮೇಲೆ ಹತ್ತಿದರು. ಎದುರು ಮನೆಯ ಬಿಳಿ ಮುದುಕಿ ಕಿಟಕಿಯ ಪರದೆ ಸರಿಸಿ ನೋಡಿದಳು. ಕಾಕಾ ಬೆರಳನ್ನು ನನ್ನ ತಲೆಯ ಮೇಲಿಟ್ಟು, ಐದಡಿ ಹತ್ತೂವರೆ ಎಂದು ಓದಿದರು.

ನಾನು ಭುಜ ಹಿಂದಕ್ಕೆ ತಂದೆ. ಕತ್ತು ಎತ್ತಿದೆ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಬಗ್ಗಲಿಲ್ಲ.

"ಇನ್ನೊಮ್ಮೆ ನೋಡ್ರಿ, ಕಾಕಾ," ಎಂದೆ.

ಅವರು ಇನ್ನೊಮ್ಮೆ ನೋಡಿದರು. ಹನ್ನೊಂದು ಎಂದರು.