ಪ್ರಶ್ನೆಯಿಲ್ಲದ ಮಧುಚಂದ್ರ

"ನೀನು ಏನೂ ಯೋಚನೆ ಮಾಡಬೇಡ. ನಾನಿದ್ದೀನಲ್ಲ, ಎಲ್ಲಾ ನನಗೆ ಬಿಡು," ಎಂದು ಮದುಮಗ ಎದೆ ತಟ್ಟಿಕೊಂಡು ಹೇಳಿದ.

ಲೋಕದಲ್ಲಿ ಇದುವರೆಗೆ ಕೆಟ್ಟುಹೋದ ಕೆಲಸಗಳಲ್ಲಿ ಅರ್ಧಕ್ಕರ್ಧ ಶುರುವಾದದ್ದು ಈ ಮಾತಿನಿಂದಲೇ. ಅದನ್ನು ಅವನಿಗೆ ನೆನಪಿಸುವಷ್ಟು ತ್ರಾಣ ಮದುಮಗಳಲ್ಲಿ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದು ಕೂತಿದ್ದಳು.

ಮದುಮಗ, ಮದುಮಗಳು ಎಂದು ಕರೆಯುತ್ತಿರುವುದು ಬರೀ ಮರ್ಯಾದೆಗೆ. ಮದುವೆಯ ಫೋಟೋದ ಮೇಲೆ ಆಗಲೇ ಧೂಳು ಕೂತಿತ್ತು. ಅವಳು ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನವಳು. ಜೊತೆಯವಳು ಹೆರಿಗೆ ರಜೆಗೆ ಹೋದ ಮೇಲೆ ಇಡೀ ಕಿಟಕಿ ಇವಳೊಬ್ಬಳ ತಲೆಗೆ ಬಂದು, ಮಧುಚಂದ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಎಕ್ಸ್‌ರೇ ಎಲ್ಲಿ, ಮೂಳೆ ಡಾಕ್ಟರು ಬಂದರಾ, ಲಿಫ್ಟ್ ಯಾಕೆ ನಿಂತಿದೆ, ಈಗ ತಾನೇ ಇಲ್ಲಿದ್ದ ನಮ್ಮಕ್ಕ ಎಲ್ಲಿಗೆ ಹೋದಳು? ಬೆಳಗಿನಿಂದ ಸಂಜೆಯವರೆಗೆ ಅವಳ ಕಿವಿಗೆ ಬೀಳುವ ಪ್ರತಿಯೊಂದು ವಾಕ್ಯವೂ ಪ್ರಶ್ನೆಯೇ. ಒಂದು ಭಾನುವಾರ ಮಲಗಿದ್ದವಳನ್ನು ಗಂಡ, "ಚಹಾಗೆ ಸಕ್ಕರೆ ಎಷ್ಟು ಹಾಕಲಿ?" ಎಂದು ಕೇಳಿದ್ದಕ್ಕೆ, ಕಣ್ಣು ತೆರೆಯದೆ, "ಮೊದಲನೇ ಮಹಡಿ, ಬಲಕ್ಕೆ ತಿರುಗಿ," ಎಂದಿದ್ದಳು.

ಅವನೋ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಗಿರಾಕಿಯ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುವುದೇ ಅವನ ಅನ್ನ. ಆ ಚಾಳಿ ಮನೆಗೂ ಬಂದಿತ್ತು. ಈ ಅಂಗಿಯಾ, ಇದಾ? ಕಿಟಕಿ ಹಾಕಲಾ, ತೆಗೆದಿರಲಾ? ಕೇಳುವುದನ್ನೇ ಕಸುಬು ಮಾಡಿಕೊಂಡವನನ್ನೂ ಹೇಳಿ ಹೇಳಿ ಹಣ್ಣಾದವಳನ್ನೂ ತಂದು ಜೋಡಿ ಮಾಡಿದವರು ಯಾರೋ, ಅವರು ಮಾತ್ರ ಎಲ್ಲೋ ಹಾಯಾಗಿದ್ದಾರೆ.

ಕೊನೆಗೂ ಆ ದಿನ ಅವಳಿಗೆ ಒಂದು ವಾರ ರಜೆ ಮಂಜೂರಾಗಿತ್ತು. ಅವಳು ಇಟ್ಟದ್ದು ಒಂದೇ ಷರತ್ತು.

"ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ದುಬಾರಿ ಬೇಡ, ಅಷ್ಟೆ. ಆದ್ರೆ ನನ್ನನ್ನ ಏನೂ ಕೇಳಬಾರದು. ಯಾವ ಊರು, ಯಾವ ರೂಮು, ಯಾವ ಸೀಟು, ಏನೂ. ನಡಿ ಅಂದ್ರೆ ನಡೀತೀನಿ, ಕೂರು ಅಂದ್ರೆ ಕೂರ್ತೀನಿ. ಪ್ರಶ್ನೆ ಮಾತ್ರ ಬೇಡ ರೀ. ಕೈ ಮುಗೀತೀನಿ."

"ಒಂದೇ ಒಂದು ಪ್ರಶ್ನೆ ಕೇಳಿದ್ರೆ ನನ್ನ ಹೆಸರು ಬದಲಾಯಿಸು," ಎಂದು ಮದುಮಗ ಘೋಷಿಸಿದ.

ಮರುದಿನವೇ ಕಾರ್ಯಾರಂಭ. ಸಮುದ್ರ, ತೆಂಗಿನ ಮರ, ಬಿಸಿಲು, ಮಾಡಲು ಏನೂ ಕೆಲಸವಿಲ್ಲದ ಒಂದು ದ್ವೀಪ ಎಂದು ತಟ್ಟನೆ ತೀರ್ಮಾನಿಸಿದ. ಅಲ್ಲಿಯವರೆಗೆ ಅವನ ಬುದ್ಧಿ ಚುರುಕಾಗಿಯೇ ಓಡಿತು. ಆದರೆ ಒಂದೇ ದಡದಿಂದ ದೋಣಿ ಹೋಗುವ ದ್ವೀಪಗಳು ಎರಡಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಎರಡರಲ್ಲೂ ಸಮುದ್ರವಿತ್ತು, ಎರಡರಲ್ಲೂ ತೆಂಗಿನ ಮರವಿತ್ತು, ಎರಡೂ ಅಗ್ಗ. ಮದುಮಗನ ನಾಲಿಗೆ ತುರಿಸತೊಡಗಿತು. ಹೆಂಡತಿಯನ್ನು ಕೇಳುವಂತಿಲ್ಲ. ಉಳಿದವರನ್ನು ಕೇಳಬಾರದು ಅಂತೇನೂ ಷರತ್ತಿನಲ್ಲಿ ಇರಲಿಲ್ಲವಲ್ಲ!

ಮೊದಲು ಅಂಗಡಿಯ ಮಾಲೀಕರನ್ನು ಕೇಳಿದ. ಅವರು ದೊಡ್ಡದು ಎಂದರು. ಪಕ್ಕದ ಗಡಿಯಾರ ರಿಪೇರಿಯವನು ಚಿಕ್ಕದು ಎಂದ. ಆಮೇಲೆ ಪರೀಕ್ಷೆಯ ಕುರ್ಚಿಯಲ್ಲಿ ಕೂತವರನ್ನೆಲ್ಲ ಕೇಳತೊಡಗಿದ. ಅಕ್ಷರದ ಹಲಗೆಯ ಪಕ್ಕದಲ್ಲಿ ಎರಡು ದ್ವೀಪಗಳ ಚಿತ್ರ ಅಂಟಿಸಿ, "ಇದು ಚೆನ್ನಾಗಿದೆಯಾ, ಇದಾ?" ಎಂದರೆ ಪಾಪ, ಗಿರಾಕಿಗಳು ಅದೂ ಪರೀಕ್ಷೆಯ ಭಾಗವೆಂದು ಶ್ರದ್ಧೆಯಿಂದ ಉತ್ತರಿಸುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ, "ಎರಡೂ ಮಂಜು ಮಂಜಾಗಿದೆ, ಗಾಜು ಬದಲಾಯಿಸಪ್ಪ," ಎಂದು ಗದರಿದರು.

ಅಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದ. ಹೆಂಡತಿಗೆ ದೋಣಿ ಪ್ರಯಾಣ ಆಗುತ್ತದೋ ಇಲ್ಲವೋ ಎಂಬ ಕಾಳಜಿ ಹುಟ್ಟಿ ಅತ್ತೆಗೆ ಫೋನ್ ಮಾಡಿದ. "ನಾನು ಕೇಳಿದೆ ಅಂತ ಅವಳಿಗೆ ಹೇಳಬೇಡಿ ಅತ್ತೆ," ಎಂದು ಎರಡೆರಡು ಸಲ ಹೇಳಿದ. ಅತ್ತೆ ಮಾತು ಕೊಟ್ಟರು. ಫೋನ್ ಇಟ್ಟವರೇ ಮಗಳಿಗೆ ಫೋನ್ ಮಾಡಿದರು.

"ನಿಂಗೆ ದೋಣಿ ಆಗುತ್ತೇನೇ? ನಾನು ಕೇಳ್ತಾ ಇಲ್ಲ, ನಿನ್ನ ಗಂಡ ಕೇಳ್ತಾ ಇರೋದು. ಆದ್ರೆ ಅವರು ಕೇಳಿದ್ದು ನಿಂಗೆ ಗೊತ್ತಾಗಬಾರದಂತೆ. ಹಾಗಾಗಿ ಗೊತ್ತಿಲ್ಲದ ಹಾಗೇ ಹೇಳು."

ಆಮೇಲೆ ನಾದಿನಿಯ ಸರದಿ. "ಅಕ್ಕ, ನಿಂಗೆ ಫ್ಯಾನ್ ಸಾಕಾ, ಎ.ಸಿ. ಬೇಕಾ? ಭಾವ ಕೇಳಿಲ್ಲ, ನಾನೇ ಸುಮ್ನೆ." ಆಸ್ಪತ್ರೆಯ ಗೇಟಿನ ಕಾವಲುಗಾರನನ್ನೂ ಮದುಮಗ ಬಿಟ್ಟಿರಲಿಲ್ಲ. "ಮೇಡಂ, ನಿಮಗೆ ನೀಲಿ ಬಣ್ಣ ಇಷ್ಟಾನಾ?" ಎಂದು ಅವನು ಯಾಕೆ ಕೇಳುತ್ತಿದ್ದಾನೆಂದು ತಿಳಿಯದೆ ಅವಳು ದಿಕ್ಕೆಟ್ಟಳು.

ಶನಿವಾರ ಕಿಟಕಿಯ ಮುಂದೆ ಸರತಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಹೊಸ ಕನ್ನಡಕ ಹಾಕಿಕೊಂಡ ಒಬ್ಬ ಹಿರಿಯರು ಮುಂದೆ ಬಂದು ಅವಳ ಮುಖವನ್ನೇ ನೋಡಿದರು.

"ಹೇಳಿ ಅಜ್ಜ, ಯಾವ ಡಾಕ್ಟರು?"

"ಡಾಕ್ಟರು ಬೇಡಮ್ಮ. ಆ ಕಣ್ಣು ನೋಡೋ ಹುಡುಗನ ಹೆಂಡ್ತಿ ನೀನೇ ತಾನೆ? ನಾನು ಚಿಕ್ಕ ದ್ವೀಪ ಅಂದಿದ್ದೆ. ಏನಾಯ್ತು, ಚಿಕ್ಕದೇ ಆಯ್ತಾ?"

ಹಿಂದೆ ನಿಂತಿದ್ದ ಕೈಮುರಿದ ಹೆಂಗಸು, "ನಾನು ದೊಡ್ಡದು ಅಂದಿದ್ದೆ," ಎಂದು ಬಾಯಿ ಹಾಕಿದಳು. ಅವಳ ಮೂಗಿನ ಮೇಲೂ ಹೊಸ ಕನ್ನಡಕವೇ ಇತ್ತು.

ಸಂಜೆ ಮದುಮಗಳು ಬ್ಯಾಗನ್ನು ನೆಲದ ಮೇಲೆ ಇಟ್ಟು, ಗೋಡೆಗೆ ಒರಗಿ ನಿಂತಳು. ಜಗಳವಾಡಲೂ ಅವಳಿಗೆ ಶಕ್ತಿ ಇರಲಿಲ್ಲ.

"ರೀ, ಇವತ್ತು ವಿಚಾರಣೆ ಕೌಂಟರಿನಲ್ಲಿ ನನ್ನದೇ ವಿಚಾರಣೆ ಆಯ್ತು."

"ನಾನು ನಿನ್ನನ್ನ ಒಂದು ಪ್ರಶ್ನೆ ಆದ್ರೂ ಕೇಳಿದ್ನಾ?"

"ಈಗ ಕೇಳಿದ್ದೇನು?"

ಅವನು ನೆಲದ ಮೇಲಿದ್ದ ಅವಳ ಬ್ಯಾಗನ್ನು ಎತ್ತಿ ಕುರ್ಚಿಯ ಮೇಲಿಟ್ಟ.

"ನಂಗೆ ದ್ವೀಪ ಬೇಕಾಗಿರಲಿಲ್ಲ ರೀ. ಸುಮ್ಮನಿರೋ ಒಂದು ಜಾಗ ಬೇಕಾಗಿತ್ತು. ಊರಿಗೆ ಊರೇ ಈಗ ನನ್ನ ಬೆನ್ನು ಹತ್ತಿದೆ." ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು.

ಅವನಿಗೆ ನಿಜಕ್ಕೂ ಕೆಡುಕೆನಿಸಿತು. ಅವಳಿಗೆ ಒಂದಿಷ್ಟು ವಿಶ್ರಾಂತಿ ಕೊಡಿಸುವುದಕ್ಕೆಂದು ಹೊರಟು, ಇದ್ದ ಅಲ್ಪಸ್ವಲ್ಪ ನೆಮ್ಮದಿಯನ್ನೂ ಕಿತ್ತುಕೊಂಡಿದ್ದ. ಆ ಹೊತ್ತಿನಿಂದ ಯಾರನ್ನೂ ಏನನ್ನೂ ಕೇಳುವುದಿಲ್ಲವೆಂದು ಮನಸ್ಸಿನಲ್ಲೇ ಶಪಥ ಮಾಡಿದ. ಈಗ ಸೀಸನ್ ಅಲ್ಲ, ಎರಡೂ ಕಡೆ ರೂಮುಗಳು ಖಾಲಿ ಹೊಡೆಯುತ್ತಿರುತ್ತವೆ, ಹೋಗಿ ನಿಂತರೆ ಇನ್ನೂ ಅಗ್ಗ ಎಂದು ಮಾಲೀಕರು ಹೇಳಿದ್ದರು. ಹಾಗಾದರೆ ದಡಕ್ಕೆ ಹೋಗಿಯೇ ನಿರ್ಧರಿಸುವುದು ಎಂದುಕೊಂಡ. ಇದನ್ನೇ ಅವನು ಯೋಜನೆ ಎಂದು ಕರೆದ.

ದೋಣಿಕಟ್ಟೆಯಲ್ಲಿ ಬಿಸಿಲು ಸುಡುತ್ತಿತ್ತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮದುಮಗಳು ಸೂಟ್‌ಕೇಸಿಗೆ ಆತುಕೊಂಡು ನಿಂತೇ ತೂಕಡಿಸುತ್ತಿದ್ದಳು. ಮದುಮಗ ಟಿಕೆಟ್ ಕಿಟಕಿಗೆ ಮುಖ ಒಡ್ಡಿದ.

"ದೊಡ್ಡದಾ, ಚಿಕ್ಕದಾ?" ಎಂದ ಒಳಗಿನವನು.

ಜೀವಮಾನವಿಡೀ ಬೇರೆಯವರಿಗೆ ಹಾಕಿದ ಪ್ರಶ್ನೆ ಮೊದಲ ಬಾರಿಗೆ ತಿರುಗಿ ಅವನ ಮೂಗಿನ ಮೇಲೇ ಬಂದು ಕೂತಿತು. ಮದುಮಗ ಬೆವೆತ. ದೊಡ್ಡದು ಎನ್ನಲು ಬಾಯಿ ತೆರೆದ, ಚಿಕ್ಕದು ನೆನಪಾಯಿತು. ಚಿಕ್ಕದು ಎನ್ನಲು ಹೋದ, ಮಾಲೀಕರ ಮುಖ ಕಣ್ಣ ಮುಂದೆ ಬಂತು. ಹಿಂದಿನ ಸಾಲು ಗೊಣಗತೊಡಗಿತು. "ಏನ್ರೀ, ದ್ವೀಪ ಬರೆಸ್ಕೋತಾ ಇದ್ದೀರಾ, ಟಿಕೆಟ್ ತಗೋತಾ ಇದ್ದೀರಾ?" ಎಂದು ಯಾರೋ ಕೂಗಿದರು. ಮದುಮಗನ ಕತ್ತು ಅದರ ಪಾಡಿಗೆ ಅದು ಹೆಂಡತಿಯ ಕಡೆ ತಿರುಗಿತು. ತುಟಿ ಬಿಚ್ಚಿಕೊಂಡಿತು.

ಅವಳು ಅವನ ಕೈಯಲ್ಲಿದ್ದ ನೋಟುಗಳನ್ನು ತೆಗೆದುಕೊಂಡು, ಅವನನ್ನು ಪಕ್ಕಕ್ಕೆ ಸರಿಸಿ, ಕಿಟಕಿಯೊಳಕ್ಕೆ ಕೈ ಹಾಕಿದಳು.

"ಯಾವುದು ಮೊದಲು ಹೊರಡುತ್ತೋ ಅದಕ್ಕೆ ಎರಡು ಕೊಡಿ."

ಒಳಗಿನವನು ತಲೆಯೆತ್ತಿ ಅವಳನ್ನು ಗೌರವದಿಂದ ನೋಡಿ, ಟಿಕೆಟ್ ಹರಿದು ಕೊಟ್ಟ.

ಟಿಕೆಟ್ಟುಗಳನ್ನು ದೋಣಿಯವನು ಹತ್ತುವಾಗಲೇ ಇಸಿದುಕೊಂಡ. ದೋಣಿಯ ಮೇಲಿನ ಹೆಸರು ಉಪ್ಪುಗಾಳಿಗೆ ಅಳಿಸಿಹೋಗಿ, ಊರಿನವರ ಕಣ್ಣು ನೋಡುವವನಿಗೂ ಓದಲಾಗಲಿಲ್ಲ. ಕೇಳುವಂತೆಯೂ ಇರಲಿಲ್ಲ, ಶಪಥ. ಇಳಿದ ಮೇಲೆ ಕಂಡ ಮೊದಲ ಮನೆಯ ಗೋಡೆಯಲ್ಲಿ 'ರೂಮು ಇದೆ' ಎಂಬ ಹಲಗೆ ಇತ್ತು. ಒಡತಿ ಬೀಗದ ಕೈ ಕೊಟ್ಟಳು. ಮದುಮಗಳು ಹಾಸಿಗೆ ಕಂಡವಳೇ ಬಿದ್ದುಕೊಂಡಳು.

ಅವಳು ಆ ದಿನ ಮಲಗಿದಳು, ಮರುದಿನವೂ ಮಲಗಿದಳು. ನಡುವೆ ಎದ್ದು, ಒಡತಿ ತಂದಿಟ್ಟದ್ದನ್ನು ಅರೆನಿದ್ದೆಯಲ್ಲೇ ತಿಂದು ಮತ್ತೆ ಮಲಗಿದಳು. ಮದುಮಗ ಜಗಲಿಯಲ್ಲಿ ಸುಮ್ಮನೆ ಕೂತ. ಬಾಗಿಲು ಹಾಕಲಾ, ತೆಗೆದಿರಲಾ ಎಂಬುದು ಗಂಟಲವರೆಗೆ ಬಂತು. ನುಂಗಿಕೊಂಡು ಅರ್ಧ ಹಾಕಿದ. ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳ ಹುಬ್ಬುಗಳ ನಡುವಿನ ಗಂಟು ಸಡಿಲಗೊಂಡಿದ್ದನ್ನು ಮದುವೆಯಾದ ಮೇಲೆ ಮೊದಲ ಸಲ ನೋಡಿ ಅವನಿಗೆ ಹೊಟ್ಟೆಯೊಳಗೆಲ್ಲ ತಂಪಾಯಿತು. ತನ್ನಂಥ ಗಂಡ ಇನ್ನೊಬ್ಬನಿಲ್ಲ ಎಂದೂ ಅನ್ನಿಸಿತು.

ಮೂರನೆಯ ದಿನ ಇಳಿಬಿಸಿಲಿನಲ್ಲಿ ಅವಳು ಮುಖ ತೊಳೆದುಕೊಂಡು ಹೊರಗೆ ಬಂದು, ಅವನ ಪಕ್ಕದಲ್ಲಿ ಕೂತು, ಸಮುದ್ರವನ್ನು ಬಹಳ ಹೊತ್ತು ನೋಡಿದಳು.

"ತುಂಬಾ ಚೆನ್ನಾಗಿದೆ ರೀ," ಎಂದಳು. ಅವನ ಭುಜಕ್ಕೆ ತಲೆ ಆನಿಸಿದಳು. ಆಮೇಲೆ ಕೇಳಿದಳು, "ಇದು ದೊಡ್ಡದಾ, ಚಿಕ್ಕದಾ?"

ಗಂಡನಿಗೆ ಅವಳು ಇಷ್ಟು ಪ್ರೀತಿಯಿಂದ ಹಾಕಿದ ಮೊದಲ ಪ್ರಶ್ನೆ ಅದು. ಅರ್ಧ ಊರಿನ ಅಭಿಪ್ರಾಯ ಸಂಗ್ರಹಿಸಿದವನು ಎಡಕ್ಕೆ ನೋಡಿದ, ತೆಂಗಿನ ಮರ. ಬಲಕ್ಕೆ ನೋಡಿದ, ತೆಂಗಿನ ಮರ.

"ಗೊತ್ತಿಲ್ಲ ಕಣೇ," ಎಂದ ಮೆಲ್ಲಗೆ. "ಒಡತೀನ ಕೇಳ್ಲಾ, ದೋಣಿಯವನ್ನ ಕೇಳ್ಲಾ?"

ಅವಳು ಎದ್ದು ಒಳಗೆ ಹೋಗಿ ಮತ್ತೆ ಮಲಗಿಕೊಂಡಳು.